ಸಟ್‌ಕ್ಲಿಫನ ಕ್ಯಾಮರಾ, ವಿಟ್‌ಬಿಯ ಜನ

ನನ್ನ ಓದುವ ಕೊಠಡಿಯ ಗೋಡೆಯ ಮೇಲೆ ಹನ್ನೆರಡು ವರ್ಷಗಳಿಂದ ಒಂದು ಚಿತ್ರ ತೂಗುತ್ತಿದೆ. ಬಂದರಿನ ಧಕ್ಕೆಯ ಅಂಚು. ಅಲ್ಲಿ ಇಬ್ಬರು ಹೆಂಗಸರು. ಒಬ್ಬಳ ಸೊಂಟದ ಮೇಲೆ ಬುಟ್ಟಿ, ಇನ್ನೊಬ್ಬಳ ಕೈ ಕಲ್ಲುಕಟ್ಟೆಯ ಮೇಲೆ. ಹಿಂದೆ ಮಂಜಿನಲ್ಲಿ ಕರಗಿದ ಹಾಯಿಮರಗಳು. ಅವುಗಳ ಹಿಂದೆ ಇದ್ದೂ ಇಲ್ಲದಂತಿರುವ ಮನೆಗಳು. ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಯಲ್ಲಿ ಬೆನ್ನು ಕಿತ್ತುಹೋದ ಚಿತ್ರಸಂಪುಟವೊಂದು ಸಿಕ್ಕಿತ್ತು. ಅದರಿಂದ ಕಳಚಿ ಬಂದ ಹಾಳೆಗೆ ಕಟ್ಟು ಹಾಕಿಸಿದೆ. ಮನೆಗೆ ಬಂದ ಸ್ನೇಹಿತರು "ಯಾರು ಬರೆದ ಚಿತ್ರ?" ಎಂದು ಕೇಳುವುದುಂಟು. "ಬರೆದದ್ದಲ್ಲ, ತೆಗೆದದ್ದು" ಎನ್ನುವಾಗ ನನಗೊಂದು ಸಣ್ಣ ಹಿಗ್ಗು, ನಾನೇ ತೆಗೆದೆನೇನೋ ಎಂಬಂತೆ. ಈಚೆಗೆ ಆ ಹಿಗ್ಗಿಗೆ ಸ್ವಲ್ಪ ಪೆಟ್ಟು ಬಿದ್ದಿದೆ. ಪೆಟ್ಟು ಕೊಟ್ಟವಳು ನನ್ನದೇ ತರಗತಿಯ ವಿದ್ಯಾರ್ಥಿನಿ. ಆ ಕಥೆಗೆ ಬರುವ ಮೊದಲು ಚಿತ್ರ ತೆಗೆದವನ ಪರಿಚಯವನ್ನು ವಾಚಕರಿಗೆ ಮಾಡಿಕೊಡಬೇಕು.

ಫ್ರ್ಯಾಂಕ್ ಮೆಡೋ ಸಟ್‌ಕ್ಲಿಫ್ ಹುಟ್ಟಿದ್ದು 1853ರಲ್ಲಿ, ಇಂಗ್ಲೆಂಡಿನ ಲೀಡ್ಸ್ ನಗರದ ಬಳಿ. ತಂದೆ ಚಿತ್ರಕಾರ. ಕುಟುಂಬ ಉತ್ತರ ಸಮುದ್ರದ ದಂಡೆಯ ವಿಟ್‌ಬಿಗೆ ಬಂದು ನೆಲೆಸಿತು; ಸ್ವಲ್ಪ ಕಾಲದಲ್ಲಿಯೇ ತಂದೆ ತೀರಿಕೊಂಡರು. ಹದಿನೆಂಟರ ಹುಡುಗ ಹೊಟ್ಟೆಪಾಡಿಗೆ ಕ್ಯಾಮರಾ ಹಿಡಿದನು. ಬೇರೊಂದು ಊರಿನಲ್ಲಿ ಸ್ಟುಡಿಯೊ ತೆರೆದು ಕೈಸುಟ್ಟುಕೊಂಡು ವಿಟ್‌ಬಿಗೇ ಮರಳಿದನು. ಆಮೇಲೆ 1941ರಲ್ಲಿ ಕಣ್ಣು ಮುಚ್ಚುವವರೆಗೂ ಆ ಊರನ್ನೂ ಅದರ ಸುತ್ತಿನ ಕೆಲವು ಮೈಲಿಗಳನ್ನೂ ಬಿಟ್ಟು ಅವನು ಹೆಚ್ಚಾಗಿ ಹೊರಗೆ ಹೋದವನಲ್ಲ.

ವಿಟ್‌ಬಿ ಎಸ್ಕ್ ನದಿ ಕಡಲು ಸೇರುವೆಡೆಯ ಊರು. ಪೂರ್ವದ ಗುಡ್ಡದ ಮೇಲೆ ಪಾಳುಬಿದ್ದ ಮಠ. ಅಲ್ಲಿಗೇರಲು 199 ಮೆಟ್ಟಿಲುಗಳು. ಇಂಗ್ಲಿಷ್ ಸಾಹಿತ್ಯದ ಚರಿತ್ರೆಯನ್ನು ಓದಿದವರಿಗೆ ಈ ಮಠ ಹೊಸದಲ್ಲ. ಆ ಭಾಷೆಯ ಕವಿಗಳಲ್ಲಿ ಹೆಸರು ಉಳಿದಿರುವ ಮೊದಲಿಗ, ದನ ಕಾಯುತ್ತಿದ್ದ ಕೇಡ್‌ಮನ್, ಏಳನೆಯ ಶತಮಾನದಲ್ಲಿ ಹಾಡಿದ್ದು ಇಲ್ಲಿಯೇ. ಮಠದ ಕೆಳಗೆ ಒಂದರ ಹೆಗಲ ಮೇಲೊಂದು ಕುಳಿತಂತೆ ಮೀನುಗಾರರ ಮನೆಗಳು, ಕಿರುದಾರಿಗಳು. ಉತ್ತರಕ್ಕೆ ಸ್ಟೇತ್ಸ್, ದಕ್ಷಿಣಕ್ಕೆ ರಾಬಿನ್ ಹುಡ್ಸ್ ಬೇ. ಇವು ಇನ್ನೂ ಸಣ್ಣವು, ಅಪ್ಪಟ ಮೀನುಗಾರರ ಹಳ್ಳಿಗಳು. ಸಟ್‌ಕ್ಲಿಫನ ಪ್ರಪಂಚ ಇಷ್ಟೇ. ಇಷ್ಟರಲ್ಲಿಯೇ ನಿಂತು ಅವನು ಅರವತ್ತಕ್ಕೂ ಹೆಚ್ಚು ಪದಕಗಳನ್ನು ಗಳಿಸಿದನು. 1892ರಲ್ಲಿ, ಛಾಯಾಗ್ರಹಣವೂ ಒಂದು ಕಲೆಯೇ ಎಂದು ಹಟ ಹಿಡಿದವರು ಲಂಡನ್ನಿನಲ್ಲಿ ಕಟ್ಟಿದ ಲಿಂಕ್ಡ್ ರಿಂಗ್ ಬಳಗದ ಸ್ಥಾಪಕರಲ್ಲಿ ಅವನೂ ಒಬ್ಬ.

ಆ ಕಾಲದಲ್ಲಿ ಚಿತ್ರ ತೆಗೆಯುವುದು ಗುಂಡಿ ಒತ್ತುವ ಕೆಲಸವಲ್ಲ. ಅವನು ಕಸುಬು ಹಿಡಿದಾಗ ಬಳಕೆಯಲ್ಲಿದ್ದುದು ಒದ್ದೆ ಪ್ಲೇಟಿನ ಕ್ರಮ. ಗಾಜಿನ ಹಲಗೆಗೆ ರಸಾಯನ ಬಳಿದು, ಅದು ಒಣಗುವ ಮೊದಲೇ ಚಿತ್ರ ಹಿಡಿದು, ಒಣಗುವ ಮೊದಲೇ ಕತ್ತಲಿನಲ್ಲಿ ತೊಳೆದು ಸ್ಫುಟಗೊಳಿಸಬೇಕು. ಹೊರಗೆ ಹೊರಟರೆ ಕತ್ತಲೆಯ ಗುಡಾರವನ್ನೂ ಸೀಸೆಗಳನ್ನೂ ಹೊತ್ತೇ ಹೊರಡಬೇಕು. ಮುಂದೆ ಒಣ ಪ್ಲೇಟು ಬಂದು ಈ ಗುಡಾರದ ಹೊರೆ ತಪ್ಪಿತು. ಆದರೂ ಮರದ ಪೆಟ್ಟಿಗೆ, ಮೂರು ಕಾಲಿನ ಆಸರೆ, ಗಾಜಿನ ಹಲಗೆ ಇದ್ದೇ ಇದ್ದವು. ಇಷ್ಟು ಸಾಮಾನು ಹೊತ್ತವನು ಕಂಡದ್ದನ್ನೆಲ್ಲ ತೆಗೆಯುವುದಿಲ್ಲ. ತೆಗೆಯುವ ಮೊದಲು ಹತ್ತು ಸಲ ನೋಡುತ್ತಾನೆ. ಸಟ್‌ಕ್ಲಿಫನ ಚಿತ್ರಗಳ ಘನತೆಗೆ ಅರ್ಧ ಕಾರಣ ಈ ಕಾಯುವಿಕೆಯೆಂದು ನನಗೆ ತೋರುತ್ತದೆ. ಬೆಳಗಿನ ಮಂಜು, ಊರಿನ ಒಲೆಗಳ ಹೊಗೆ, ಇಳಿತದಲ್ಲಿ ಹೊಳೆಯುವ ಕೆಸರು, ಇವನ್ನೆಲ್ಲ ಅವನು ಕುಂಚದಂತೆ ಬಳಸಿದ. ಮಂಜು ಹಿನ್ನೆಲೆಯನ್ನು ಒರಸಿಹಾಕುತ್ತದೆ. ಮುಂದೆ ನಿಂತವರು ಕಡೆದಿಟ್ಟಂತೆ ಕಾಣುತ್ತಾರೆ.

ನಮ್ಮ ಆಲಂಕಾರಿಕರು ಸ್ವಭಾವೋಕ್ತಿಯನ್ನು ಕುರಿತು ಬೇಕಾದಷ್ಟು ಜಗಳವಾಡಿದ್ದಾರೆ. ವಸ್ತು ಇದ್ದುದನ್ನು ಇದ್ದಂತೆ ಕಣ್ಣಿಗೆ ಕಟ್ಟಿಸುವುದು ಸ್ವಭಾವೋಕ್ತಿ. ದಂಡಿ ಅದನ್ನು ಅಲಂಕಾರಗಳ ಪಂಕ್ತಿಯಲ್ಲಿ ಮೊದಲನೆಯ ಎಲೆಗೇ ಕೂರಿಸಿದನು. ಕುಂತಕ ಅದನ್ನು ಪಂಕ್ತಿಯಿಂದಲೇ ಎಬ್ಬಿಸಿದನು. ವಸ್ತುವಿನ ಸ್ವಭಾವವೇ ಒಡವೆಯಾದರೆ ಒಡವೆ ತೊಡುವವರು ಯಾರು ಎಂಬುದು ಅವನ ತಕರಾರು. ತರಗತಿಯಲ್ಲಿ ಈ ಪಾಠ ಮಾಡುವಾಗ ಸಟ್‌ಕ್ಲಿಫನ ಚಿತ್ರಗಳನ್ನು ನಾನು ದಂಡಿಯ ಪಕ್ಷದ ಸಾಕ್ಷಿಗಳನ್ನಾಗಿ ಮುಂದಿಡುತ್ತಿದ್ದೆ. ಇಲ್ಲಿ ಅಲಂಕಾರವೆಲ್ಲಿದೆ? ಹೆಂಗಸು, ಬುಟ್ಟಿ, ಕಲ್ಲು, ನೀರು, ಇಷ್ಟೇ ಅಲ್ಲವೆ? ಹೀಗೆ ವರ್ಷಾನುಗಟ್ಟಲೆ ಹೇಳಿದೆ. ಹೇಳಿದ್ದು ತಪ್ಪೆಂದು ಈಗ ಒಪ್ಪಿಕೊಳ್ಳಬೇಕಾಗಿದೆ.

ಆ ವಿದ್ಯಾರ್ಥಿನಿ ಮಲ್ಪೆಯ ಕಡೆಯವಳು. ತಾಯಿ ಮೀನು ಮಾರುತ್ತಾರೆ. ಎರವಲು ಪಡೆದ ಪುಸ್ತಕ ಹಿಂದಿರುಗಿಸಲು ಮನೆಗೆ ಬಂದವಳು ಗೋಡೆಯ ಮುಂದೆ ನಿಂತುಬಿಟ್ಟಳು. ಮೆಚ್ಚುತ್ತಿದ್ದಾಳೆಂದು ನಾನು ತಿಳಿದೆ.

"ಸರ್, ಈ ಬುಟ್ಟಿ ಖಾಲಿ" ಎಂದಳು.

"ಅದು ಹೇಗೆ ಹೇಳ್ತೀಯಮ್ಮ? ಒಳಗಿರೋದು ಕಾಣೋದೇ ಇಲ್ಲವಲ್ಲ."

"ಮೀನಿದ್ದರೆ ಹೀಗೆ ನಿಲ್ಲಲಿಕ್ಕೆ ಆಗುವುದಿಲ್ಲ ಸರ್. ಸೊಂಟ ಆಚೆ ಕಡೆಗೆ ವಾಲುತ್ತದೆ, ಕುತ್ತಿಗೆಯ ನರ ಎದ್ದು ಕಾಣುತ್ತದೆ. ಮತ್ತೆ, ಬುಟ್ಟಿ ತುಂಬಿದ ಮೇಲೆ ನಿಲ್ಲಲಿಕ್ಕೆ ಪುರುಸೊತ್ತು ಎಲ್ಲಿ ಉಂಟು? ಮಂಜುಗಡ್ಡೆ ಕರಗುವ ಮೊದಲು ಮಾರಬೇಕಲ್ಲ."

ಆ ಕಾಲದಲ್ಲಿ ಮಂಜುಗಡ್ಡೆ ಇತ್ತೋ ಇಲ್ಲವೋ ಎಂದು ನಾನು ಜಾಣತನ ಮಾಡಹೋದೆ, ನಡೆಯಲಿಲ್ಲ. ಪ್ಲೇಟು ನಿಧಾನ, ಅಲುಗಿದರೆ ಚಿತ್ರ ಕೆಡುತ್ತಿತ್ತು, ಅದಕ್ಕಾಗಿ ನಿಲ್ಲಿಸಿದ್ದಾನೆ ಎಂದೂ ಹೇಳಿದೆ. ಅವಳು ತಲೆಯಾಡಿಸಿದಳು. ಆದರೆ ಆ ಸಮಾಧಾನ ನನಗೇ ಸಾಲಲಿಲ್ಲ. ಅವನ ಹೆಸರಾದ ಚಿತ್ರಗಳಲ್ಲಿ ಹೆಚ್ಚಿನವು ಒಣ ಪ್ಲೇಟಿನ ಕಾಲದವು; ಒಂದಿಷ್ಟು ಚಲನೆಯನ್ನು ಹಿಡಿಯಲು ಅವಕ್ಕೆ ಶಕ್ತಿಯಿತ್ತು. ಅವನು ಜನರನ್ನು ನಿಲ್ಲಿಸಿದ್ದು ನಿಲ್ಲಿಸಬೇಕೆಂಬ ಇಚ್ಛೆಯಿಂದ. ಎಂದರೆ ಇದು ಇದ್ದಂತೆ ಹೇಳಿದ ಮಾತಲ್ಲ, ಆರಿಸಿ ಜೋಡಿಸಿ ಹೇಳಿದ ಮಾತು, ಕುಂತಕನ ವಕ್ರೋಕ್ತಿ. ಅಂದು ರಾತ್ರಿ ಸಂಪುಟವನ್ನು ಮತ್ತೆ ಮೊದಲಿನಿಂದ ತಿರುವಿಹಾಕಿದೆ. ಏನು ಇದೆ ಎಂದು ನೋಡುವ ಬದಲು ಏನು ಇಲ್ಲ ಎಂದು ನೋಡತೊಡಗಿದೆ.

ಮೊದಲು ಕಣ್ಣಿಗೆ ಬಿದ್ದ ಕೊರತೆ ಪ್ರವಾಸಿಗಳದು. ಆ ಊರಿಗೆ ಪ್ರವಾಸಿಗಳು ಬಂದುದು ಸಟ್‌ಕ್ಲಿಫನ ತರುವಾಯವೆಂದು ನಾನು ಅದುವರೆಗೆ ಭಾವಿಸಿದ್ದೆ. ಚಿತ್ರಗಳು ಹಾಗೆ ಭಾವಿಸುವಂತೆ ಮಾಡುತ್ತವೆ. ನಿಜ ಸಂಗತಿ ಬೇರೆ. ವಿಟ್‌ಬಿಗೆ ರೈಲು ಬಂದುದು 1836ರಲ್ಲಿ. ಜಾರ್ಜ್ ಸ್ಟೀಫನ್‌ಸನ್ ಹಾಕಿದ ಹಾದಿ, ಮೊದಮೊದಲು ಗಾಡಿಗಳನ್ನು ಎಳೆದದ್ದು ಕುದುರೆಗಳು. 1840ರ ದಶಕದಲ್ಲಿ 'ರೈಲ್ವೆ ದೊರೆ' ಎನಿಸಿಕೊಂಡಿದ್ದ ಜಾರ್ಜ್ ಹಡ್ಸನ್ ಪಶ್ಚಿಮದ ಗುಡ್ಡವನ್ನು ಹಿಡಿದು, ವಿಹಾರಕ್ಕೆ ಬರುವ ಸಿರಿವಂತರಿಗಾಗಿ ಮನೆಸಾಲುಗಳನ್ನು ಎಬ್ಬಿಸಲು ಹೊರಟನು. ಅವನ ವ್ಯವಹಾರ ಮುರಿದುಬಿತ್ತು. ಅರ್ಧಚಂದ್ರಾಕಾರವಾಗಿ ಏಳಬೇಕಾಗಿದ್ದ ಮನೆಸಾಲು ಅರ್ಧಕ್ಕೇ ನಿಂತಿತು. ಅರ್ಧಚಂದ್ರದ ಅರ್ಧ ಇಂದಿಗೂ ಅಲ್ಲಿದೆ. ಸಟ್‌ಕ್ಲಿಫ್ ಸ್ಟುಡಿಯೊ ತೆರೆಯುವ ಹೊತ್ತಿಗೆ ಆ ಗುಡ್ಡದ ಮೇಲೆ ವಸತಿಗೃಹಗಳೂ ಕೊಡೆ ಹಿಡಿದ ಮಹಿಳೆಯರೂ ಬಂದಾಗಿತ್ತು. ಅವನ ಅನೇಕ ಚಿತ್ರಗಳಲ್ಲಿ ಕ್ಯಾಮರಾ ಪೂರ್ವದ ದಂಡೆಗೆ, ಹಳೆಯ ಊರಿಗೆ, ಮಠದ ಗುಡ್ಡಕ್ಕೆ ಮುಖಮಾಡಿದೆ. ಹೊಸ ಊರು ಬೆನ್ನಿಗೆ ಬಿದ್ದಿದೆ.

ಇನ್ನೂ ಒಂದು ಮಾತಿದೆ. ಅವನ ಅನ್ನ ಬರುತ್ತಿದ್ದುದು ಈ ಪ್ರವಾಸಿಗಳಿಂದಲೇ. ಬೇಸಿಗೆಯಲ್ಲಿ ಬಂದವರು ಸ್ಟುಡಿಯೊದಲ್ಲಿ ಕುಳಿತು ತೆಗೆಸಿಕೊಳ್ಳುತ್ತಿದ್ದ ಭಾವಚಿತ್ರಗಳೇ ಅವನ ಕಸುಬು. ಸ್ಟುಡಿಯೊ ಇದ್ದ ಕಟ್ಟಡದ ಕಥೆಯೂ ಸ್ವಾರಸ್ಯವಾದುದು. ಅದು ಮೊದಲು ಜೆಟ್ ಎಂಬ ಕರಿಯ ಕಲ್ಲಿನ ಒಡವೆ ಮಾಡುವ ಕಾರ್ಖಾನೆಯಾಗಿತ್ತು. ಜೆಟ್ ಎಂದರೆ ಕೋಟ್ಯಂತರ ವರ್ಷ ಮಣ್ಣಿನಡಿ ಇದ್ದು ಕಲ್ಲಾದ ಮರ. 1861ರಲ್ಲಿ ರಾಣಿ ವಿಕ್ಟೋರಿಯಾಳ ಪತಿ ತೀರಿಕೊಂಡ ಮೇಲೆ ಸೂತಕದ ಒಡವೆಯೆಂದು ಅದಕ್ಕೆ ಎಲ್ಲಿಲ್ಲದ ಬೇಡಿಕೆ ಬಂದು, ಆಮೇಲೆ ಇಳಿದುಹೋಯಿತು. ಅಗಲಿದವರ ನೆನಪಿಗೆ ಒಡವೆ ಮಾಡುತ್ತಿದ್ದ ಮನೆಯಲ್ಲಿ ನೆನಪಿಗೆ ಚಿತ್ರ ತೆಗೆಯುವವನು ಬಂದು ಕುಳಿತನು. ಅಲ್ಲಿ ಪ್ರವಾಸಿಗಳ ಮುಖ ತೆಗೆದು ಹಣ ಸಂಪಾದಿಸಿ, ಬಿಡುವಿನಲ್ಲಿ ಧಕ್ಕೆಗೆ ಹೋಗಿ ಮೀನುಗಾರರ ಮುಖ ತೆಗೆದು ಕೀರ್ತಿ ಸಂಪಾದಿಸಿದನು. ಎರಡನೆಯದರ ಪ್ರತಿಗಳನ್ನು ಕೊಂಡವರೂ ಮುಖ್ಯವಾಗಿ ಹೊರಗಿನವರೇ. ಹಣ ಕೊಟ್ಟವರು ಚೌಕಟ್ಟಿನ ಹೊರಗೆ; ಚೌಕಟ್ಟಿನ ಒಳಗೆ ಅವರು ನೋಡಬಯಸಿದ, ತಾವಿಲ್ಲದ ಊರು.

ಇದನ್ನು ಮೋಸವೆಂದು ನಾನು ಹೇಳುತ್ತಿಲ್ಲ. ಆದರೆ 'ಪ್ರವಾಸಿಗಳು ಬಂದು ಕೆಡಿಸುವ ಮೊದಲಿನ ವಿಟ್‌ಬಿ' ಎಂದು ಈ ಚಿತ್ರಗಳ ಕೆಳಗೆ ಬರೆಯುವವರು ಸ್ವಲ್ಪ ಎಚ್ಚರದಿಂದಿರುವುದು ಒಳ್ಳೆಯದು.

ಅವನ ಅತ್ಯಂತ ಪ್ರಸಿದ್ಧ ಚಿತ್ರ 'ನೀರಿಲಿಗಳು', 1886ರದು. ಬಂದರಿನ ನೀರಿನಲ್ಲಿ ದೋಣಿಯ ಸುತ್ತ ಆಡುತ್ತಿರುವ ಬತ್ತಲೆ ಹುಡುಗರು. ಊರಿನ ಪಾದ್ರಿಗಳು ಕೆರಳಿದರೆಂದೂ, ಯುವರಾಜನೊಬ್ಬ, ಅಂದರೆ ಮುಂದೆ ಏಳನೆಯ ಎಡ್ವರ್ಡ್ ಆದವನು, ದೊಡ್ಡ ಪ್ರತಿಯೊಂದನ್ನು ತರಿಸಿಕೊಂಡನೆಂದೂ ಹೇಳುತ್ತಾರೆ. ಈ ಎರಡು ಸುದ್ದಿಗಳಿಂದ ಚಿತ್ರಕ್ಕೆ ಬಂದ ಹೆಸರು ಅದರ ಯೋಗ್ಯತೆಗಿಂತ ಹೆಚ್ಚೆಂದು ನನ್ನ ಅಭಿಪ್ರಾಯ. ಹೊಂದಿಕೆ ಸೊಗಸಾಗಿದೆ, ಬೆಳಕು ಸೊಗಸಾಗಿದೆ. ಆದರೆ ಈ ಹುಡುಗರು ವಿಟ್‌ಬಿಯವರೇ ಆಗಬೇಕೆಂದೇನೂ ಇಲ್ಲ. ಗ್ರೀಕ್ ಶಿಲ್ಪದಿಂದ ಎದ್ದು ಬಂದವರೂ ಆಗಬಹುದು. ಬಟ್ಟೆಯೊಡನೆ ಅವರ ಬಡತನವೂ ಕಳಚಿಹೋಗಿದೆ. ನೋಡುವವನ ಮನಸ್ಸಿಗೆ ಎಲ್ಲಿಯೂ ತೊಡಕು ಹತ್ತುವುದಿಲ್ಲ. ಮೆಚ್ಚಿ ಮುಂದೆ ಹೋಗುತ್ತೇವೆ.

ಇದರ ಪಕ್ಕದಲ್ಲಿ ಹೆನ್ರಿ ಫ್ರೀಮನ್ನನ ಭಾವಚಿತ್ರವನ್ನಿಟ್ಟು ನೋಡಬೇಕು. 1861ರ ಫೆಬ್ರವರಿಯಲ್ಲಿ ದೊಡ್ಡ ಬಿರುಗಾಳಿ. ವಿಟ್‌ಬಿಯ ರಕ್ಷಣಾದೋಣಿ ಒಂದೇ ದಿನ ಐದು ಸಲ ಕಡಲಿಗಿಳಿದು, ಒಡೆಯುತ್ತಿದ್ದ ಹಡಗುಗಳ ಜನರನ್ನು ದಡಕ್ಕೆ ತಂದಿತು. ಆರನೆಯ ಸಲ ಮಗುಚಿತು. ಹದಿಮೂರು ಜನರಲ್ಲಿ ಹನ್ನೆರಡು ಮಂದಿ ಊರವರ ಕಣ್ಣೆದುರಿಗೇ ಮುಳುಗಿದರು. ಉಳಿದವನು ಫ್ರೀಮನ್ ಒಬ್ಬನೇ. ಆ ಕೆಲಸಕ್ಕೆ ಅವನು ಸೇರಿದ್ದು ಅಂದೇ. ಹೊಸ ಮಾದರಿಯ ಬೆಂಡಿನ ಕವಚ ತೊಟ್ಟಿದ್ದವನು ಅವನೊಬ್ಬನೇ. ಆಮೇಲೆ ನಾಲ್ವತ್ತು ವರ್ಷ ಅವನು ರಕ್ಷಣಾದೋಣಿಯನ್ನು ಬಿಡಲಿಲ್ಲ. ಸಟ್‌ಕ್ಲಿಫ್ ತೆಗೆದ ಚಿತ್ರದಲ್ಲಿ ಅವನು ಬೆಂಡಿನ ಕವಚ ತೊಟ್ಟೇ ಇದ್ದಾನೆ. ಗಡ್ಡ, ಅಗಲವಾದ ಮೈ, ನೇರವಾದ ಕಣ್ಣು. ಇಲ್ಲಿಯೂ ನಿಲ್ಲಿಸಿ ತೆಗೆದದ್ದೇ, ಕವಚ ತೊಡಿಸಿ ತೆಗೆದದ್ದೇ. ಆದರೆ ಇಲ್ಲಿ ನಿಲ್ಲುವುದಕ್ಕೆ ಅರ್ಥವಿದೆ. ಎಲ್ಲರೂ ಹೋದಾಗ ಉಳಿದವನು ಅವನು. ಇಡೀ ಊರು ಆ ಕವಚವನ್ನು ನೋಡುವಾಗ ಹನ್ನೆರಡು ಮನೆಗಳನ್ನು ನೆನೆಯುತ್ತದೆ. ಹೇಳದೆ ಹೊಮ್ಮುವ ಧ್ವನಿ ಎಂದು ನಾವು ಯಾವುದನ್ನು ಕರೆಯುತ್ತೇವೆಯೋ ಅದು ಈ ಬೆಂಡಿನ ತುಂಡುಗಳಲ್ಲಿದೆ. ಪ್ರವಾಸಿಗೆ ಇದೊಬ್ಬ ಗಟ್ಟಿ ಮುದುಕನ ಚಿತ್ರ. ಊರವರಿಗೆ ಬೇರೆಯದೇ ಚಿತ್ರ. ಒಂದೇ ಪ್ಲೇಟಿನ ಮೇಲೆ ಎರಡು ಚಿತ್ರಗಳನ್ನು ಮೂಡಿಸಿದ್ದಾನೆಂದರೆ ಸಟ್‌ಕ್ಲಿಫ್ ಸಾಮಾನ್ಯನಲ್ಲ. ಊರಿನಲ್ಲಿ ಬೇರು ಬಿಟ್ಟವನಿಗಲ್ಲದೆ ಬಂದುಹೋಗುವವನಿಗೆ ಇದು ಸಾಧ್ಯವಾಗುವಂಥದಲ್ಲ.

ಇನ್ನು ದುಡಿಮೆಯ ವಿಚಾರ. ಆ ದಂಡೆಯ ಮೀನುಗಾರಿಕೆಯಲ್ಲಿ ಅರ್ಧ ಹೊರೆ ಹೆಂಗಸರದು. ಉದ್ದನೆಯ ಹಗ್ಗಕ್ಕೆ ನೂರಾರು ಗಾಳಗಳು. ಒಂದೊಂದಕ್ಕೂ ಎರೆ ಸಿಕ್ಕಿಸಿ, ತೊಡಕಾಗದಂತೆ ಸುರುಳಿ ಸುತ್ತಿ, ಗಂಡಸರು ಹೊರಡುವ ವೇಳೆಗೆ ಸಿದ್ಧಮಾಡಬೇಕು. ಎರೆಗೆ ಬೇಕಾದ ಚಿಪ್ಪುಹುಳಗಳನ್ನು ಇಳಿತದ ಹೊತ್ತಿನಲ್ಲಿ ಬಂಡೆಗಳಿಂದ ಕಿತ್ತು ತರಲು ಮೈಲಿಗಟ್ಟಲೆ ನಡೆಯಬೇಕು. ಚಿಪ್ಪು ಬಿಡಿಸಿ ಬಿಡಿಸಿ ಬೆರಳು ಸೀಳುತ್ತದೆ. ಈ ಕೆಲಸದ ಹೆಚ್ಚು ಭಾಗ ನಡೆಯುತ್ತಿದ್ದುದು ಮನೆಯೊಳಗಿನ ಮಬ್ಬಿನಲ್ಲಿ. ಅಂದಿನ ಕ್ಯಾಮರಾ ಅಲ್ಲಿಗೆ ಹೋಗಲಾರದು. ಹೆಂಗಸರು ಬಾಗಿಲ ಬಳಿ ಬೆಳಕಿಗೆ ಬಂದು ಕುಳಿತಾಗ ಸಿಕ್ಕಷ್ಟು ಸಿಕ್ಕಿತು. ಅಂಥ ಚಿತ್ರಗಳಲ್ಲಿ ಮುಖ ತಗ್ಗಿದೆ, ಕೈ ಕೆಲಸದಲ್ಲಿದೆ, ನೋಡುವವನ ಕಡೆಗೆ ಗಮನವೇ ಇಲ್ಲ. 1890ರ ದಶಕದಲ್ಲಿ ಕೊಡಾಕ್ ಸಂಸ್ಥೆ ಕೈಯಲ್ಲಿ ಹಿಡಿಯುವ ಕ್ಯಾಮರಾಗಳನ್ನು ಅವನಿಗೆ ಕೊಟ್ಟ ಮೇಲೆ ತೆಗೆದವುಗಳಲ್ಲಿ ಹೊಂದಿಕೆ ಇನ್ನೂ ಸಡಿಲ. ಪದಕದ ಆಸೆಯೂ ಕಡಿಮೆ. ಮೊದಲು ಇವನ್ನು ನಾನು ಲಘುವಾಗಿ ಕಂಡಿದ್ದೆ. ಈಗ ಹಾಗೆ ಕಾಣಲಾರೆ.

ಚಿತ್ರಗಳು ಮೂಡುತ್ತಿದ್ದಂತೆಯೇ ಅವುಗಳ ವಸ್ತು ಕರಗುತ್ತಿತ್ತು. ಹಲ್, ಗ್ರಿಮ್ಸ್‌ಬಿಯಂಥ ದೊಡ್ಡ ಬಂದರುಗಳಿಂದ ಹೊರಟ ಹಬೆಯ ದೋಣಿಗಳು ಸಣ್ಣ ಊರುಗಳ ಗಾಳದ ಮೀನುಗಾರಿಕೆಯನ್ನು ನುಂಗಿದವು. ಕಡಲ ಅಂಚಿನ ರೈಲುದಾರಿ 1885ರಲ್ಲಿ ರಾಬಿನ್ ಹುಡ್ಸ್ ಬೇಗೆ ಬಂದಿತು; ಮೀನು ಒಯ್ಯಲು ನೆರವಾಗುವ ರೈಲು ಜನರನ್ನು ತರಲೂ ನೆರವಾಗುತ್ತದೆ. ಅದೇ ವರ್ಷ ಅಕ್ಟೋಬರಿನಲ್ಲಿ ದಿಮಿತ್ರಿ ಎಂಬ ರಷ್ಯದ ಹಡಗು ವಿಟ್‌ಬಿಯ ಮರಳಿಗೆ ಬಂದು ಬಿದ್ದಿತು. ಸಟ್‌ಕ್ಲಿಫ್ ಅದರ ಚಿತ್ರ ತೆಗೆದನು. ಐದು ವರ್ಷದ ಮೇಲೆ ಬೇಸಿಗೆಯ ವಿಹಾರಕ್ಕೆಂದು ಬಂದ ಬ್ರಾಮ್ ಸ್ಟೋಕರ್ ಆ ಹಡಗಿನ ಕಥೆ ಕೇಳಿದನು. 1897ರ ಅವನ 'ಡ್ರಾಕುಲಾ' ಕಾದಂಬರಿಯಲ್ಲಿ ರಕ್ತಪಿಶಾಚಿ ಇಂಗ್ಲೆಂಡಿನ ನೆಲಕ್ಕೆ ನೆಗೆಯುವುದು ಇಲ್ಲಿಯೇ, ಅಂಥದೇ ಹಡಗಿನಿಂದ. ಈಗ ವಿಟ್‌ಬಿಗೆ ಬರುವವರಲ್ಲಿ ಎಷ್ಟೋ ಮಂದಿಗೆ ಮೀನುಗಾರ ಬೇಡ, ಪಿಶಾಚಿ ಬೇಕು. ಕರಿಯ ಉಡುಪಿನವರ ಮೇಳ 1994ರಲ್ಲಿ ಅಲ್ಲಿ ಆರಂಭವಾಯಿತು. ಕಾದಂಬರಿಕಾರನೊಬ್ಬನ ರಜೆಯಿಂದ ಒಂದು ಊರಿಗೆ ಇಷ್ಟು ಸಂಪಾದನೆಯಾದುದು ಬೇರೆಲ್ಲಾದರೂ ಉಂಟೋ ನಾನರಿಯೆ. ಇರಲಿ, ಇದು ದಾರಿಬಿಟ್ಟ ಮಾತು.

ಸಟ್‌ಕ್ಲಿಫನ ಚಿತ್ರಗಳಿಗೂ ಎರಡನೆಯ ಜನ್ಮ ಬಂದಿತು. 1974ರಲ್ಲಿ ಮೈಕೇಲ್ ಹೈಲಿ ಅವನನ್ನು ಕುರಿತು ಪುಸ್ತಕ ಬರೆದನು. ಹಳೆಯ ಪ್ಲೇಟುಗಳಿಂದ ಹೊಸ ಪ್ರತಿಗಳು ಹೊರಟವು. ಮಾಸಲು ಕಂದು ಬಣ್ಣದ ಆ ಚಿತ್ರಗಳನ್ನು ಕೊಂಡುಹೋಗದ ಪ್ರವಾಸಿಯೇ ವಿರಳ ಎಂಬಂತಾಯಿತು. ಬೆಂಗಳೂರಿನಲ್ಲಿ ಕುಳಿತ ನಾನೂ ಆ ಗುಂಪಿನವನೇ. ಊರನ್ನು ನೋಡಿ ಚಿತ್ರ ಕೊಳ್ಳುತ್ತಿದ್ದ ಕಾಲ ಹೋಗಿ, ಚಿತ್ರವನ್ನು ನೋಡಿ ಊರನ್ನು ಕೊಳ್ಳುವ ಕಾಲ ಬಂದಿತು. ಕೆಂಪು ಹೆಂಚಿನ ಮೀನುಗಾರರ ಮನೆಯೇ ಬೇಕು, ಕಿರುದಾರಿಯೇ ಬೇಕು, ಕಿಟಕಿಯಿಂದ ದೋಣಿ ಕಾಣಬೇಕು; ಬೆಲೆ ಎಷ್ಟಾದರೂ ಸರಿ. ವರ್ಷದಲ್ಲಿ ಕೆಲವು ವಾರ ಬಂದಿರುವವರಿಗೆ ಇದು ಎರಡನೆಯ ಮನೆ. ಅಲ್ಲಿಯೇ ಹುಟ್ಟಿ ದುಡಿಯುವ ಹುಡುಗನಿಗೆ ಮೊದಲನೆಯದೂ ಎಟುಕುವುದಿಲ್ಲ. ಕೊನೆಗೆ 2022ರ ಜೂನ್ ತಿಂಗಳಲ್ಲಿ ವಿಟ್‌ಬಿಯವರು ಮತ ಹಾಕಿದರು. ಹೊಸದಾಗಿ ಕಟ್ಟುವ ಮನೆಗಳು ಊರಿನಲ್ಲಿ ಕಾಯಮ್ಮಾಗಿ ವಾಸಿಸುವವರಿಗೇ ಸಿಗಬೇಕೆ ಎಂಬುದು ಪ್ರಶ್ನೆ. ಹೌದೆಂದವರು 2,111, ಇಲ್ಲವೆಂದವರು 157. ಕಾನೂನಿನ ಬಲ ಆ ಮತಕ್ಕಿರಲಿಲ್ಲ.

ಈ ಎಲ್ಲಕ್ಕೂ ಒಬ್ಬ ಛಾಯಾಗ್ರಾಹಕನನ್ನು ಹೊಣೆ ಮಾಡುವುದು ಅನ್ಯಾಯ. ರೈಲು, ಹಬೆಯ ದೋಣಿ, ಬತ್ತಿದ ಹೆರಿಂಗ್ ಮೀನು, ನಗರದವರ ಕೈಯಲ್ಲಿನ ಹಣ, ಇವೆಲ್ಲ ಅವನಿಲ್ಲದಿದ್ದರೂ ಬರುತ್ತಿದ್ದವು. ಆದರೆ ಯಾವ ಊರನ್ನು ಹುಡುಕಿಕೊಂಡು ಬರಬೇಕೆಂಬುದನ್ನು ಬರುವವರ ಕಣ್ಣಿಗೆ ಕಲಿಸಿದವರಲ್ಲಿ ಅವನು ಮುಖ್ಯ. ಬಡವರ ಬದುಕನ್ನು ಸೊಗಸಾಗಿ ಕಾಣಿಸುವ ಎಲ್ಲ ಕಲೆಗೂ ಈ ಅಪಾಯವಿದೆ. ನಮ್ಮ ನವೋದಯದ ಹಳ್ಳಿಯ ಪದ್ಯಗಳನ್ನು ಪಾಠ ಹೇಳುವ ನನಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗೆಂದು ಅವನು ತೆಗೆಯದೆ ಇದ್ದಿದ್ದರೆ? ಫ್ರೀಮನ್ನನ ಮುಖ ಇರುತ್ತಿರಲಿಲ್ಲ. ಬಾಗಿಲ ಬಳಿ ಕುಳಿತವಳ ಬೆರಳುಗಳು ಇರುತ್ತಿರಲಿಲ್ಲ. ಸ್ಟುಡಿಯೊ ಬಿಟ್ಟ ಮೇಲೆ ಮುಪ್ಪಿನಲ್ಲಿ ಅವನು ಊರಿನ ವಸ್ತುಸಂಗ್ರಹಾಲಯದ ಮೇಲ್ವಿಚಾರಕನಾಗಿ ಬಹಳ ವರ್ಷ ದುಡಿದನು. ಕಸುಬು ಬದಲಾಯಿತೆಂದು ಅವನಿಗೆ ಅನಿಸಿರಲಾರದು.

ಗೋಡೆಯ ಚಿತ್ರವನ್ನು ನಾನು ಇಳಿಸಿಲ್ಲ. ಅವಳು ಅಂದು ಹೊರಡುವಾಗ ತನ್ನ ಮೊಬೈಲಿನಲ್ಲಿ ಅದರ ಪ್ರತಿ ತೆಗೆದುಕೊಂಡಳು, ತಾಯಿಗೆ ತೋರಿಸುತ್ತೇನೆಂದು. ರಜೆ ಮುಗಿಸಿ ಬಂದಾಗ ಕೇಳಿದೆ: "ಏನಂದರಮ್ಮ ನಿಮ್ಮ ತಾಯಿ? ಖಾಲಿ ಬುಟ್ಟಿ ಅಂತ ಅವರೂ ಹೇಳಿದರೆ?"

"ಅದೇನೂ ಹೇಳಲಿಲ್ಲ ಸರ್. ಬುಟ್ಟಿ ಚಂದ ಉಂಟು, ಈಗ ಇಂಥದ್ದು ಹೆಣೆಯುವವರು ಇಲ್ಲ, ಎಲ್ಲ ಪ್ಲಾಸ್ಟಿಕ್ಕಿನದ್ದೇ ಅಂದರು. ಮತ್ತೆ, ಅವರು ಎಲ್ಲಿಯ ಜನ ಅಂತ ಕೇಳಿದರು."